ಜೆರುಸಲೇಮಾ: ಒಂದು ಕುಣಿತದ ಹಾಡಿನ ಪ್ರಸಾರವೂ ಒಡೆತನವೂ

೧

ದಕ್ಷಿಣ ಆಫ್ರಿಕದ ಉತ್ತರದಂಚಿನಲ್ಲಿರುವ ಲಿಂಪೋಪೋ ಪ್ರಾಂತದ ಯುವಕರೊಬ್ಬರು ೨೦೧೯ನೆಯ ಇಸವಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಹೆಣೆದ ಒಂದು ಕುಣಿತದ ಹಾಡು, ಮರುವರ್ಷ ಮುಗಿಯುವಷ್ಟರಲ್ಲಿ ಆಫ್ರಿಕ, ಯೂರೋಪು, ಅಮೆರಿಕ, ಏಷ್ಯ ಖಂಡಗಳನ್ನೆಲ್ಲ ಸುತ್ತಿಬಂದಿತು. ಹಾಡಿನ ಹೆಸರು 'ಜೆರುಸಲೇಮಾ'. ಅದರ ಭಾಷೆ ಜುಲು. ಆ ಭಾಷೆಯ ಒಂದು ಮಾತನ್ನೂ ಅರಿಯದ ಆಸ್ಪತ್ರೆಯ ದಾದಿಯರು, ಪೊಲೀಸರು, ಕ್ರೈಸ್ತ ಸಂನ್ಯಾಸಿನಿಯರು, ಶಾಲೆಯ ಮಕ್ಕಳು ಅದಕ್ಕೆ ಹೆಜ್ಜೆ ಹಾಕಿದರು. ಅವರಲ್ಲಿ ಬಹುಮಂದಿಗೆ ಆ ಹಾಡು ತಲುಪಿದುದು ಕೈಯಲ್ಲಿ ಹಿಡಿದ ಮೊಬೈಲಿನ ತೆರೆಯಿಂದ.

ಇಂಥ ವಿಷಯವು ಇತಿಹಾಸದ ವಿದ್ಯಾರ್ಥಿಯ ಗಮನಕ್ಕೆ ಅರ್ಹವೇ ಎಂಬ ಸಂದೇಹ ಕೆಲವರಲ್ಲಿ ಮೂಡಬಹುದು. ರಾಜವಂಶ, ಯುದ್ಧ, ಒಪ್ಪಂದಗಳ ಚರಿತ್ರೆಯನ್ನು ಮಾತ್ರ ಚರಿತ್ರೆಯೆಂದು ಎಣಿಸುವ ಕಾಲ ಹಿಂದಾಯಿತು. ಜನರು ಏನನ್ನು ಉಂಡರು, ಏನನ್ನು ಉಟ್ಟರು, ಏನನ್ನು ಹಾಡಿದರು ಎಂಬುದರಲ್ಲಿಯೂ ಅವರ ಕಾಲದ ಆರ್ಥಿಕ ಸಂಬಂಧಗಳು, ಅಧಿಕಾರದ ಹಂಚಿಕೆ, ನ್ಯಾಯಾನ್ಯಾಯಗಳ ಕಲ್ಪನೆ ಅಡಗಿರುತ್ತವೆ. ಹಾಡೊಂದು ಊರಿಂದೂರಿಗೆ ಹೋಗುವ ದಾರಿಯನ್ನು ಹಿಡಿದು ನಡೆದರೆ, ಆ ದಾರಿಯಲ್ಲಿ ಸುಂಕದ ಕಟ್ಟೆಗಳು ಎಲ್ಲೆಲ್ಲಿ ಇದ್ದುವು, ಅವುಗಳಲ್ಲಿ ಕುಳಿತವರು ಯಾರು ಎಂಬುದು ಗೋಚರವಾಗುತ್ತದೆ.

ಪ್ರಕೃತ ಲೇಖನದಲ್ಲಿ ಎರಡು ಪ್ರಶ್ನೆಗಳನ್ನು ವಿಚಾರಿಸಲಾಗಿದೆ. ಈ ಹಾಡು ಹರಡಿದ ಬಗೆ ಯಾವುದು ಎಂಬುದು ಮೊದಲನೆಯದು. ಹರಡಿದ ಮೇಲೆ ಅದು ಯಾರದಾಯಿತು ಎಂಬುದು ಎರಡನೆಯದು. ಹೊಸ ಸಾಧನಗಳಿಂದ ಬಡ ಕಲಾವಿದನಿಗೆ ಬಿಡುಗಡೆಯಾಯಿತೆಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಆ ಮಾತಿನಲ್ಲಿ ಸತ್ಯವೆಷ್ಟು ಎಂಬುದನ್ನು ತೂಗಿನೋಡಬೇಕಾದರೆ ಅದೇ ದೇಶದ ಇನ್ನೊಂದು ಹಾಡಿನ ಕಥೆಯನ್ನು ಪಕ್ಕದಲ್ಲಿಟ್ಟು ನೋಡುವುದು ಅವಶ್ಯ. ಅದು ಎಂಬತ್ತು ವರ್ಷಗಳಷ್ಟು ಹಿಂದಿನದು.

೨

ಸಾಲೊಮನ್ ಲಿಂಡಾ ಎಂಬುವರು ಜುಲು ನಾಡಿನ ಹಳ್ಳಿಯಿಂದ ೧೯೩೦ರ ದಶಕದ ಆರಂಭದಲ್ಲಿ ಕೂಲಿಯನ್ನರಸಿ ಜೊಹಾನೆಸ್‌ಬರ್ಗಿಗೆ ಬಂದವರು. ಹಳ್ಳಿಯನ್ನು ಬಿಟ್ಟು ಬಂದವರು ಅವರೊಬ್ಬರೇ ಅಲ್ಲ. ೧೯೧೩ರ ಭೂಶಾಸನವು ದೇಶದ ನೆಲದಲ್ಲಿ ಸುಮಾರು ನೂರಕ್ಕೆ ಏಳರಷ್ಟನ್ನು ಮಾತ್ರ ಕರಿಯರಿಗೆ ಮೀಸಲಿಟ್ಟು ಉಳಿದುದನ್ನು ಅವರು ಕೊಳ್ಳದಂತೆ ಮಾಡಿದಾಗಿನಿಂದ, ಗಣಿಗೂ ಕಾರ್ಖಾನೆಗೂ ಹರಿದುಬಂದ ಜನಪ್ರವಾಹದಲ್ಲಿ ಅವರೂ ಒಬ್ಬರು. ಇಂಥ ಕೂಲಿಗಾರರು ತಂಗುತ್ತಿದ್ದ ವಸತಿಗಳಲ್ಲಿ ಶನಿವಾರದ ರಾತ್ರಿ ಗುಂಪು ಗುಂಪಾಗಿ ಪೈಪೋಟಿಯ ಮೇಲೆ ಹಾಡುವ ಪದ್ಧತಿ ಬೆಳೆದಿತ್ತು. ಲಿಂಡಾ ಅವರ ಮೇಳದ ಹೆಸರು 'ಈವನಿಂಗ್ ಬರ್ಡ್ಸ್'.

ಗ್ಯಾಲೊ ಎಂಬ ಗ್ರಾಮಾಫೋನು ಸಂಸ್ಥೆಯಲ್ಲಿ ಲಿಂಡಾ ಅವರು ತಟ್ಟೆಗಳನ್ನು ಕಟ್ಟಿಡುವ ಕೆಲಸದಲ್ಲಿದ್ದರು. ೧೯೩೯ರಲ್ಲಿ ಅದೇ ಸಂಸ್ಥೆಯ ಮುದ್ರಣಶಾಲೆಯಲ್ಲಿ ಅವರ ಮೇಳ 'ಎಂಬೂಬೆ' ಎಂಬ ಹಾಡನ್ನು ಹಾಡಿತು. 'ಸಿಂಹ' ಎಂಬುದು ಆ ಪದದ ಅರ್ಥ. ಹಾಡಿನ ಒಡೆತನವು ಹತ್ತು ಷಿಲಿಂಗಿಗೆ ಸಂಸ್ಥೆಯ ಪಾಲಾಯಿತು. ಒಂದು ದಶಕದೊಳಗೆ ಆಫ್ರಿಕದಲ್ಲಿ ಅದರ ತಟ್ಟೆಗಳು ಸುಮಾರು ಒಂದು ಲಕ್ಷದಷ್ಟು ಮಾರಾಟವಾದುವೆಂದು ಲೆಕ್ಕ. ಮುಂದೆ ಒಂದು ತಟ್ಟೆ ಅಮೆರಿಕದ ಜನಪದ ಗೀತಸಂಗ್ರಾಹಕ ಅಲನ್ ಲೋಮ್ಯಾಕ್ಸರ ಮೂಲಕ ಗಾಯಕ ಪೀಟ್ ಸೀಗರರ ಕೈಗೆ ಬಂದಿತು. ಸೀಗರರು ಸೇರಿದ್ದ 'ವೀವರ್ಸ್' ಮೇಳವು ಅದನ್ನು ೧೯೫೦ರ ದಶಕದ ಆದಿಯಲ್ಲಿ 'ವಿಮೋವೆ' ಎಂಬ ಹೆಸರಿನಿಂದ ಹಾಡಿತು. ೧೯೬೧ರಲ್ಲಿ 'ಟೋಕನ್ಸ್' ಎಂಬ ಮೇಳವು ಹೊಸ ಇಂಗ್ಲಿಷ್ ಮಾತುಗಳೊಡನೆ 'ದಿ ಲಯನ್ ಸ್ಲೀಪ್ಸ್ ಟುನೈಟ್' ಎಂದು ಹಾಡಿದಾಗ ಅದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಲಿಂಡಾ ಅವರು ೧೯೬೨ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲು ನಿಲ್ಲುವುದಕ್ಕೆ ಮತ್ತೆ ಹದಿನೆಂಟು ವರ್ಷ ಹಿಡಿಯಿತು.

ಈ ಕಥೆಯ ಕೊನೆಯ ಭಾಗವು ಕಾನೂನಿನ ಇತಿಹಾಸಕ್ಕೆ ಸೇರಿದುದು. ಡಿಸ್ನಿ ಸಂಸ್ಥೆಯು ೧೯೯೪ರ ತನ್ನ 'ದಿ ಲಯನ್ ಕಿಂಗ್' ಚಲನಚಿತ್ರದಲ್ಲಿ ಈ ಹಾಡನ್ನು ಬಳಸಿಕೊಂಡಿತ್ತು. ಪತ್ರಕರ್ತ ರಿಯಾನ್ ಮಲಾನರು ೨೦೦೦ದಲ್ಲಿ ಬರೆದ ದೀರ್ಘ ಲೇಖನವೊಂದು ಲಿಂಡಾ ಕುಟುಂಬದ ಸ್ಥಿತಿಯನ್ನು ಲೋಕದ ಮುಂದಿಟ್ಟಿತು. ೨೦೦೪ರಲ್ಲಿ ಕುಟುಂಬದ ಪರವಾಗಿ ವ್ಯಾಜ್ಯ ಹೂಡಲಾಯಿತು. ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ಅನ್ವಯಿಸುತ್ತಿದ್ದ ೧೯೧೧ರ ಕೃತಿಸ್ವಾಮ್ಯ ಶಾಸನದಲ್ಲಿ ಒಂದು ವಿಧಿ ಇದ್ದಿತು. ಕರ್ತೃವು ತನ್ನ ಹಕ್ಕನ್ನು ಮಾರಿಕೊಂಡಿದ್ದರೂ ಅವನು ಸತ್ತ ಇಪ್ಪತ್ತೈದು ವರ್ಷಗಳ ಮೇಲೆ ಅದು ವಾರಸುದಾರರಿಗೆ ಮರಳಬೇಕೆಂಬುದು ಅದರ ತಾತ್ಪರ್ಯ. ಕಾದಂಬರಿಕಾರ ಡಿಕನ್ಸರ ಹೆಸರಿನಿಂದ ಆ ವಿಧಿಯನ್ನು ಕರೆಯುವ ವಾಡಿಕೆಯುಂಟು. ಈ ಲೆಕ್ಕದಂತೆ ೧೯೮೭ರಿಂದ ಹಕ್ಕು ಲಿಂಡಾ ಅವರ ಹೆಣ್ಣುಮಕ್ಕಳದಾಗಿರಬೇಕಾಗಿತ್ತು. ೨೦೦೬ರ ಫೆಬ್ರವರಿಯಲ್ಲಿ ರಾಜಿಯಾಯಿತು. ಇಂಗ್ಲಿಷಿನ ಹಾಡು 'ಎಂಬೂಬೆ'ಯಿಂದ ಹುಟ್ಟಿದುದೆಂದು ಒಪ್ಪಿ, ಹಿಂದಿನ ಬಳಕೆಗೂ ಮುಂದಿನ ಬಳಕೆಗೂ ಕುಟುಂಬಕ್ಕೆ ಹಣ ಸಲ್ಲಿಸುವುದೆಂದು ತೀರ್ಮಾನವಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ೧೯೩೯ರಲ್ಲಿ ಹಾಡೊಂದನ್ನು ತಟ್ಟೆಯ ಮೇಲೆ ಇಳಿಸುವ ಯಂತ್ರ, ಒತ್ತುವ ಕಾರ್ಖಾನೆ, ಮಾರುವ ಅಂಗಡಿ ಇವೆಲ್ಲವೂ ಒಂದೇ ಹಿಡಿತದಲ್ಲಿದ್ದುವು. ಹಾಡುವವನು ಆ ಬಾಗಿಲನ್ನು ದಾಟದೆ ಹೊರಗಿನ ಲೋಕವನ್ನು ಮುಟ್ಟುವಂತಿರಲಿಲ್ಲ. ಬಾಗಿಲಲ್ಲಿ ನಿಂತವನು ಕೇಳಿದ ಬೆಲೆಯೇ ಬೆಲೆ. ಸುಂಕದ ಕಟ್ಟೆಯು ಪ್ರವೇಶದಲ್ಲಿಯೇ ಇದ್ದಿತು.

೩

ಮುಂದಿನ ಅರ್ಧ ಶತಮಾನದಲ್ಲಿ ಈ ಬಾಗಿಲು ಬಗೆಬಗೆಯಾಗಿ ತೆರೆದುಕೊಂಡಿತು, ಮುಚ್ಚಿಕೊಂಡಿತು. ೧೯೫೦ರ ದಶಕದಲ್ಲಿ ಬೀದಿಯ ಹುಡುಗರು ಅಗ್ಗದ ತಗಡಿನ ಕೊಳಲಿನಿಂದ ನುಡಿಸುತ್ತಿದ್ದ 'ಕ್ವೇಲ' ಸಂಗೀತವು ಪ್ರಚಾರಕ್ಕೆ ಬಂದಿತು. ಆ ಜಾತಿಯ 'ಟಾಮ್ ಹಾರ್ಕ್' ಎಂಬ ವಾದನವು ೧೯೫೮ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಹೋಯಿತು. ಮಿರಿಯಮ್ ಮಕೇಬಾ ಅವರ 'ಪಾಟಾ ಪಾಟಾ' ಎಂಬ ಕುಣಿತದ ಹಾಡು ೧೯೬೭ರಲ್ಲಿ ಅಮೆರಿಕದಲ್ಲಿ ಪ್ರಸಿದ್ಧವಾದಾಗ ಅದನ್ನು ಹಾಡಿದವರು ತಾಯ್ನಾಡಿಗೆ ಕಾಲಿಡುವಂತಿರಲಿಲ್ಲ. ೧೯೬೦ರಲ್ಲಿ ಸ್ಥಾಪಿತವಾದ 'ರೇಡಿಯೊ ಬಾಂಟು' ಕರಿಯರಿಗೆ ಅವರವರ ಭಾಷೆಯಲ್ಲಿ ಕಾರ್ಯಕ್ರಮಗಳನ್ನು ನೀಡಿತಾದರೂ, ಭಾಷೆ ಭಾಷೆಗೆ ಗೋಡೆ ಕಟ್ಟಿ ಜನರನ್ನು ಬೇರ್ಪಡಿಸುವ ವರ್ಣಭೇದ ನೀತಿಯೂ ಅದರಿಂದ ನೆರವೇರಿತು. ಪ್ರಸಾರಕ್ಕೆ ಸಲ್ಲದೆಂದು ಕಂಡ ಹಾಡಿನ ತಟ್ಟೆಯನ್ನು ಯಾರೂ ನುಡಿಸದಂತೆ ಚೂಪಾದ ಸಾಧನದಿಂದ ಗೀಚಿಡುವ ಪದ್ಧತಿಯೂ ಇದ್ದಿತು.

೧೯೯೪ರಲ್ಲಿ ವರ್ಣಭೇದದ ಆಳ್ವಿಕೆ ಕೊನೆಗೊಂಡಿತು. ಅದೇ ದಶಕದಲ್ಲಿ 'ಕ್ವೈಟೊ' ಎಂಬ ಹೊಸ ಕುಣಿತದ ಸಂಗೀತ ಹುಟ್ಟಿತು. ಮೇಳವಿಲ್ಲದೆ, ವಾದ್ಯಗಾರರಿಲ್ಲದೆ ಯಂತ್ರದ ತಾಳದ ಮೇಲೆ ಮಾತನ್ನು ಕೂಡಿಸುವ ಪದ್ಧತಿ ಇದರಿಂದ ಬೇರೂರಿತು. ಅದರ ಹಿಂದೆಯೇ ಕಂಪ್ಯೂಟರು ಮನೆಯನ್ನು ಹೊಕ್ಕಿತು. ಡರ್ಬನ್ ನಗರದ ಹೊರವಲಯದ ಹುಡುಗರು ಸಾಮಾನ್ಯ ಕಂಪ್ಯೂಟರಿನಲ್ಲಿ 'ಗೋಮ್' ಎಂಬ ಸಂಗೀತವನ್ನು ರಚಿಸಿ, ಬಾಡಿಗೆಯ ಟ್ಯಾಕ್ಸಿಗಳಲ್ಲಿ ಅದನ್ನು ನುಡಿಸುವಂತೆ ಮಾಡಿ ಊರಿಗೆಲ್ಲ ಹರಡಿದರು. ಲಿಂಪೋಪೋ ಮೂಲದ ನೊಜಿಂಜಾ ಎಂಬುವರು ಮೊಬೈಲು ದುರಸ್ತಿಯ ಅಂಗಡಿಗಳನ್ನು ನಡೆಸುತ್ತಿದ್ದವರು. ಅವರು ತಮ್ಮ ಜನರ ಕುಣಿತವನ್ನು ಅತಿ ವೇಗದ ಯಾಂತ್ರಿಕ ತಾಳಕ್ಕೆ ಹೊಂದಿಸಿ, ಅದರ ಚಿತ್ರಗಳನ್ನು ಯೂಟ್ಯೂಬಿನಲ್ಲಿಟ್ಟರು. ೨೦೧೦ರಲ್ಲಿ ಲಂಡನ್ನಿನ ಸಂಸ್ಥೆಯೊಂದು ಆ ಹಾಡುಗಳ ಸಂಕಲನವನ್ನು ಹೊರತಂದಿತು. ಹೀಗೆ 'ಜೆರುಸಲೇಮಾ' ಹುಟ್ಟುವ ವೇಳೆಗೆ, ಹಾಡನ್ನು ಮನೆಯಲ್ಲಿ ಮಾಡಿ ಬೀದಿಯಲ್ಲಿ ಬಿತ್ತುವ ಪರಂಪರೆಯೊಂದು ಆ ನೆಲದಲ್ಲಿ ಆಗಲೇ ಸಿದ್ಧವಾಗಿದ್ದಿತು. ಇದನ್ನು ಮರೆತು ಆ ಹಾಡಿನ ಪ್ರಸಿದ್ಧಿಯನ್ನು ಆಕಾಶದಿಂದ ಉದುರಿದ ಅದೃಷ್ಟವೆಂದು ವರ್ಣಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ.

೪

'ಮಾಸ್ಟರ್ ಕೆಜಿ' ಎಂಬ ಹೆಸರಿನಿಂದ ಪ್ರಸಿದ್ಧರಾದ ಕ್ಗಾವೊಗೆಲೊ ಮೊವಾಗಿ ಅವರು ೧೯೯೬ರಲ್ಲಿ ಹುಟ್ಟಿದವರು. ಲಿಂಪೋಪೋ ಪ್ರಾಂತದ ಟ್ಜನೀನ್ ಪಟ್ಟಣದ ಸುತ್ತಿನ ಹಳ್ಳಿಯ ಕಡೆಯವರು. ಹದಿಹರೆಯದಲ್ಲಿಯೇ ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸುವುದನ್ನು ಅಭ್ಯಾಸಮಾಡಿ, ೨೦೧೮ರಲ್ಲಿ 'ಸ್ಕೆಲಿಟನ್ ಮೂವ್' ಎಂಬ ಹಾಡಿನಿಂದ ಹೆಸರಾದರು. ಮರುವರ್ಷ ಅವರು ರಚಿಸಿದ ಹೊಸ ತಾಳ ಮತ್ತು ಸ್ವರಗಳಿಗೆ ಮಾತನ್ನೂ ಕಂಠವನ್ನೂ ಕೊಟ್ಟವರು ನೊಮ್ಸೆಬೊ ಜಿಕೊಡೆ. ಇವರು ಕ್ವಾಜುಲು-ನಟಾಲ್ ಪ್ರಾಂತದವರು. ಬಹುಕಾಲ ಇತರರ ಹಾಡುಗಳಿಗೆ ಹಿನ್ನೆಲೆಯಲ್ಲಿ ದನಿಗೂಡಿಸಿ ದುಡಿದವರು. ಹಾಡು ೨೦೧೯ರ ನವೆಂಬರಿನಲ್ಲಿ ಬಿಡುಗಡೆಯಾಯಿತು; ಡಿಸೆಂಬರಿನಲ್ಲಿ ಅದರ ಚಿತ್ರರೂಪ ಯೂಟ್ಯೂಬಿಗೆ ಬಂದಿತು.

ಹಾಡಿನ ಭಾವವು ಕುಣಿತದ ಹಾಡಿಗೆ ಅಪರೂಪವಾದುದು. ಜೆರುಸಲೇಮು ತನ್ನ ಮನೆಯೆಂದೂ, ಇಲ್ಲಿ ತನಗೆ ನೆಲೆಯಿಲ್ಲವೆಂದೂ, ತನ್ನನ್ನು ಕೈಬಿಡದೆ ಜೊತೆಯಲ್ಲಿ ನಡೆಯಬೇಕೆಂದೂ ದೇವರನ್ನು ಬೇಡುವ ಪ್ರಾರ್ಥನೆ ಅದು. ಇದರ ಹಿನ್ನೆಲೆಯನ್ನು ಅರಿಯದ ಹೊರಗಿನವರಿಗೆ ಅದು ಬರಿಯ ಇಂಪಾದ ಶಬ್ದವಾಗಿ ಕೇಳಿಸಿರಬಹುದು. ಆದರೆ ಆ ದೇಶದ ಕೇಳುಗರಿಗೆ ಅದರ ಹಿಂದೆ ದೀರ್ಘವಾದ ಸ್ಮೃತಿಯಿದ್ದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಳಿಯರ ಮಿಷನ್ನುಗಳಿಂದ ಬೇರೆಯಾಗಿ ಆಫ್ರಿಕನರು ತಮ್ಮವೇ ಚರ್ಚುಗಳನ್ನು ಕಟ್ಟಿಕೊಂಡರು. ಜುಲು ನಾಡಿನಲ್ಲಿ ಇಸಾಯ ಶೆಂಬೆ ಅವರು ೧೯೧೦ರ ಸುಮಾರಿಗೆ ನಜರೇತಿನ ಹೆಸರಿನ ಚರ್ಚನ್ನು ಸ್ಥಾಪಿಸಿ ಕುಣಿತವನ್ನು ಆರಾಧನೆಯ ಅಂಗವಾಗಿಸಿದರು. ಲಿಂಪೋಪೋದಲ್ಲಿ ೧೯೨೪ರಲ್ಲಿ ಎಂಗೆನಾಸ್ ಲೆಕ್ಗಾನ್ಯಾನೆ ಅವರು ಜಿಯೊನ್ ಕ್ರಿಶ್ಚಿಯನ್ ಚರ್ಚನ್ನು ಸ್ಥಾಪಿಸಿದರು. ಅದರ ಪುಣ್ಯಕ್ಷೇತ್ರದ ಹೆಸರು ಮೊರಿಯ. ಪ್ರತಿವರ್ಷ ಈಸ್ಟರ್ ಹಬ್ಬಕ್ಕೆ ಅಪಾರ ಜನಸಂದಣಿ ಅಲ್ಲಿ ನೆರೆಯುತ್ತದೆ. ಆ ಚರ್ಚಿನ ಗಂಡಸರು ದೊಡ್ಡ ಬೂಟುಗಳನ್ನು ತೊಟ್ಟು ನೆಲವನ್ನು ತುಳಿದು ಕುಣಿಯುತ್ತಾರೆ. ಬೈಬಲಿನ ಪವಿತ್ರ ಸ್ಥಳಗಳ ಹೆಸರನ್ನು ತಮ್ಮ ನೆಲಕ್ಕೆ ಇಟ್ಟುಕೊಂಡ ಜನ ಅವರು.

ಭೂಶಾಸನದಿಂದ ನೆಲ ಕಳೆದುಕೊಂಡು, ಪಟ್ಟಣದಲ್ಲಿ ಪಾಸು ತೋರಿಸಿ ಬದುಕಿದ ಮೂರು ತಲೆಮಾರಿನವರಿಗೆ 'ನನ್ನ ನೆಲೆ ಇಲ್ಲಿಲ್ಲ' ಎಂಬ ಮಾತು ಪಾರಮಾರ್ಥಿಕವೂ ಹೌದು, ಲೌಕಿಕವೂ ಹೌದು. ಲಿಂಡಾ ಅವರ ಮೇಳ ಹುಟ್ಟಿದುದು ಇಂಥವರ ವಸತಿಗಳಲ್ಲಿಯೇ ಎಂಬುದನ್ನು ಮೇಲೆ ಹೇಳಿದೆ. ಹಾಡನ್ನು ಒಬ್ಬರೇ ಕಂಪ್ಯೂಟರಿನಲ್ಲಿ ಹೆಣೆದುದು ನಿಜ. ಆದರೆ ಅದರೊಳಗಿನ ಭಾವವನ್ನು ನೂರು ವರ್ಷಗಳ ಸಮುದಾಯದ ಬಾಳು ಒದಗಿಸಿದ್ದಿತು.

೫

ದಕ್ಷಿಣ ಆಫ್ರಿಕದಲ್ಲಿ ಪ್ರಿಯವಾಗುತ್ತಿದ್ದ ಈ ಹಾಡನ್ನು ಲೋಕದ ಹಾಡಾಗಿಸಿದವರು ಇನ್ನೊಂದು ದೇಶದವರು. ಅಂಗೋಲದ ರಾಜಧಾನಿ ಲುವಾಂಡದ 'ಫೆನೊಮೆನೊಸ್ ದೊ ಸೆಂಬ' ಎಂಬ ನೃತ್ಯತಂಡವು ೨೦೨೦ರ ಫೆಬ್ರವರಿಯಲ್ಲಿ ಒಂದು ಚಿಕ್ಕ ಚಿತ್ರವನ್ನು ಜಾಲತಾಣದಲ್ಲಿ ಪ್ರಕಟಿಸಿತು. ಮನೆಯ ಅಂಗಳ, ಕೈಯಲ್ಲಿ ಊಟದ ತಟ್ಟೆ, ಉಣ್ಣುತ್ತಲೇ ಸಾಲಾಗಿ ನಿಂತ ಗೆಳೆಯರು ಒಟ್ಟಾಗಿ ಹೆಜ್ಜೆ ಹಾಕುತ್ತಾರೆ, ಒಂದು ಸುತ್ತಿಗೆ ದಿಕ್ಕು ಬದಲಿಸಿ ಮತ್ತೆ ಅದೇ ಹೆಜ್ಜೆಗಳನ್ನು ಹಾಕುತ್ತಾರೆ. ಇದಿಷ್ಟೇ ಅದರ ವಸ್ತು.

ಈ ಕುಣಿತ ಇಷ್ಟು ವ್ಯಾಪಕವಾಗಿ ಅನುಕರಣೆಗೊಳಗಾದುದಕ್ಕೆ ಅದರ ರಚನೆಯಲ್ಲಿಯೇ ಕಾರಣಗಳಿವೆ. ಹೆಜ್ಜೆಗಳು ಕೆಲವೇ, ಅವು ಮರುಕಳಿಸುತ್ತವೆ. ಜೊತೆಗಾರನ ಕೈ ಹಿಡಿಯಬೇಕಾಗಿಲ್ಲ, ಮೈ ಮುಟ್ಟಬೇಕಾಗಿಲ್ಲ. ವಯಸ್ಸಾದವರೂ ಸಮವಸ್ತ್ರ ತೊಟ್ಟವರೂ ನಾಚಿಕೆಯಿಲ್ಲದೆ ಕುಣಿಯಬಹುದು. ೨೦೨೦ರ ಮಾರ್ಚಿ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡನ್ನು ಜಾಗತಿಕ ಪಿಡುಗೆಂದು ಸಾರಿತು. ಅದೇ ತಿಂಗಳ ಕೊನೆಯಲ್ಲಿ ದಕ್ಷಿಣ ಆಫ್ರಿಕವೂ ಭಾರತವೂ ಮನೆಬಾಗಿಲುಗಳನ್ನು ಮುಚ್ಚಿದುವು. ಒಬ್ಬರಿಂದೊಬ್ಬರು ದೂರ ನಿಲ್ಲಬೇಕಾದ ಆ ತಿಂಗಳುಗಳಲ್ಲಿ, ದೂರ ನಿಂತೇ ಒಟ್ಟಾಗಿ ಕುಣಿಯಬಹುದಾದ ಕುಣಿತವೊಂದು ಜನರಿಗೆ ದೊರಕಿತು. ಸಾವಿನ ನಡುವೆ ಹಗಲಿರುಳು ದುಡಿಯುತ್ತಿದ್ದ ಆಸ್ಪತ್ರೆಗಳವರು ಅದನ್ನು ಮೊದಲು ಮೆಚ್ಚಿಕೊಂಡವರಲ್ಲಿ ಸೇರಿದುದು ಸಹಜವಾಗಿದೆ. ಒಂದು ತಂಡ ಕುಣಿದು ಇನ್ನೊಂದು ತಂಡಕ್ಕೆ ಸವಾಲು ಹಾಕುವುದು ಪದ್ಧತಿಯಾಯಿತು. ಸ್ವಿಟ್ಜರ್ಲೆಂಡಿನ ಜುಗ್ ಪ್ರಾಂತದ ಪೊಲೀಸರು ಹಾಕಿದ ಸವಾಲಿಗೆ ಐರ್ಲೆಂಡಿನ ಪೊಲೀಸರು ೨೦೨೧ರ ಫೆಬ್ರವರಿಯಲ್ಲಿ ಕುಣಿದು ಉತ್ತರ ಕೊಟ್ಟರು.

ಭೂಪಟವನ್ನು ಬಲ್ಲವರಿಗೆ ಲುವಾಂಡದ ಪಾತ್ರ ಇನ್ನೊಂದು ಕಾರಣದಿಂದಲೂ ಅರ್ಥವತ್ತಾಗಿ ಕಾಣುತ್ತದೆ. ೧೯೭೫ರಲ್ಲಿ ಅಂಗೋಲ ಪೋರ್ಚುಗೀಸರಿಂದ ಸ್ವತಂತ್ರವಾದಾಗಲೇ ದಕ್ಷಿಣ ಆಫ್ರಿಕದ ಸೈನ್ಯ ಅಲ್ಲಿಗೆ ನುಗ್ಗಿತ್ತು. ೧೯೮೭-೮೮ರ ಕ್ವಿಟೊ ಕ್ವಾನವಾಲೆ ಕದನದವರೆಗೆ ಆ ಎರಡು ರಾಜ್ಯಗಳ ನಡುವೆ ಹಗೆತನ ಉರಿಯುತ್ತಿದ್ದಿತು. ಆ ಕದನದ ಒಂದು ತಲೆಮಾರಿನ ಮೇಲೆ, ಪೋರ್ಚುಗೀಸ್ ಮಾತನಾಡುವ ಲುವಾಂಡದ ಯುವಕರು ಜುಲು ಹಾಡಿಗೆ ಹೆಜ್ಜೆ ಕಟ್ಟಿದರು.

೨೦೨೦ರ ಜೂನಿನಲ್ಲಿ ನೈಜೀರಿಯದ ಬರ್ನಾ ಬಾಯ್ ಅವರ ದನಿಯನ್ನೂ ಸೇರಿಸಿ ಹಾಡಿನ ಇನ್ನೊಂದು ರೂಪ ಹೊರಬಂದಿತು. ಬೆಲ್ಜಿಯಂ, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್ ದೇಶಗಳ ಪಟ್ಟಿಗಳಲ್ಲಿ ಹಾಡು ಮೊದಲ ಸ್ಥಾನಕ್ಕೆ ಬಂದಿತು. ಸೆಪ್ಟೆಂಬರ್ ೧೬ರಂದು ರಾಷ್ಟ್ರವನ್ನುದ್ದೇಶಿಸಿ ಮಾತನಾಡಿದ ಅಧ್ಯಕ್ಷ ಸಿರಿಲ್ ರಾಮಫೋಸ ಅವರು, ೨೪ರ ಪರಂಪರಾ ದಿನದಂದು ಎಲ್ಲರೂ ಈ ಹಾಡಿಗೆ ಕುಣಿಯಬೇಕೆಂದು ಕರೆಕೊಟ್ಟರು. ನಮ್ಮ ದೇಶದಲ್ಲಿ ಇಂಥ ಕಿರುಚಿತ್ರಗಳಿಗೆ ಮುಖ್ಯ ಆಶ್ರಯವಾಗಿದ್ದ ಟಿಕ್‌ಟಾಕನ್ನು ಸರಕಾರವು ೨೦೨೦ರ ಜೂನ್ ೨೯ರಂದು ನಿಷೇಧಿಸಿತಾದ್ದರಿಂದ, ಇಲ್ಲಿಯವರಿಗೆ ಈ ಕುಣಿತವನ್ನು ನೋಡಲು ಇತರ ಜಾಲತಾಣಗಳೇ ದಾರಿಯಾದುವು.

೬

ಇನ್ನು ಎರಡನೆಯ ಪ್ರಶ್ನೆಗೆ ಬರಬಹುದು. ೨೦೨೧ರ ಫೆಬ್ರವರಿಯಲ್ಲಿ ಜರ್ಮನಿಯಿಂದ ಒಂದು ಸುದ್ದಿ ಬಂದಿತು. ಹಾಡಿನ ಅಂತರರಾಷ್ಟ್ರೀಯ ಹಕ್ಕನ್ನು ಪಡೆದಿದ್ದ ವಾರ್ನರ್ ಮ್ಯೂಸಿಕ್ ಸಂಸ್ಥೆಯು, ಕುಣಿತದ ಚಿತ್ರಗಳನ್ನು ಪ್ರಕಟಿಸಿದ ಕೆಲವು ಸಂಸ್ಥೆಗಳಿಂದ ಪರವಾನಗಿಯ ಶುಲ್ಕವನ್ನು ಕೇಳಿತ್ತು. ನಾರ್ತ್ ರೈನ್-ವೆಸ್ಟ್‌ಫಾಲಿಯ ರಾಜ್ಯದ ಗೃಹಖಾತೆಯು ತನ್ನ ಪೊಲೀಸರು ಕುಣಿದುದಕ್ಕಾಗಿ ಹಣ ಸಲ್ಲಿಸಿತು. ಚಲಿಸುವ ಚಿತ್ರಕ್ಕೆ ಮುದ್ರಿತ ಸಂಗೀತವನ್ನು ಜೋಡಿಸಬೇಕಾದರೆ ಪ್ರತ್ಯೇಕವಾದ ಅನುಮತಿ ಬೇಕು. ತನ್ನ ಹೆಸರಿನ ಪ್ರಚಾರಕ್ಕೆ ಹಾಡನ್ನು ಬಳಸಿಕೊಂಡ ಸಂಸ್ಥೆಯು ಕಲಾವಿದರಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಇದು ವಾರ್ನರಿನ ವಾದ. ಕಾನೂನಿನ ದೃಷ್ಟಿಯಿಂದ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ದಣಿದ ದಾದಿಯರ ಕುಣಿತಕ್ಕೆ ಬಿಲ್ಲು ಬಂದಿತೆಂಬ ಭಾವನೆ ಸಾರ್ವಜನಿಕರಲ್ಲಿ ಅಸಮಾಧಾನವನ್ನು ಹುಟ್ಟಿಸಿತು. ಆ ಕುಣಿತಗಳೇ ಹಾಡಿನ ಬೆಲೆಯನ್ನು ಏರಿಸಿದ್ದುವೆಂಬುದು ಆಕ್ಷೇಪಿಸಿದವರ ಉತ್ತರ. ಎರಡು ಮಾತೂ ನಿಜವಾಗಿರುವುದರಲ್ಲಿಯೇ ಈ ಪ್ರಕರಣದ ಐತಿಹಾಸಿಕ ಮಹತ್ತ್ವವಿದೆ.

ಅದೇ ವರ್ಷದ ಜುಲೈಯಲ್ಲಿ ನೊಮ್ಸೆಬೊ ಜಿಕೊಡೆ ಅವರು ಹಾಡಿನ ಆದಾಯದಲ್ಲಿ ತಮಗೆ ಸಲ್ಲಬೇಕಾದುದು ಧ್ವನಿಮುದ್ರಣ ಸಂಸ್ಥೆಯಿಂದ ಬಂದಿಲ್ಲವೆಂದು ಬಹಿರಂಗವಾಗಿ ಹೇಳಿದರು. ಪಾಲಿನ ಪ್ರಮಾಣದ ಬಗ್ಗೆ ಮಾಸ್ಟರ್ ಕೆಜಿ ಅವರು ತಮ್ಮ ಕಡೆಯ ವಿವರಣೆಯನ್ನು ಕೊಟ್ಟರು. ಹಾಡಿನ ರಚನೆಯಲ್ಲಿ ತಮಗೂ ಭಾಗವುಂಟೆಂದು ಬೇರೆಯವರೂ ಹಕ್ಕು ಸಾಧಿಸಿದರು. ಈ ವಿವಾದಗಳಲ್ಲಿ ಯಾರ ಪಕ್ಷ ಸರಿಯೆಂದು ನಿರ್ಣಯಿಸುವುದು ಇತಿಹಾಸಕಾರನ ಕೆಲಸವಲ್ಲ. ಅವನು ಗುರುತಿಸಬೇಕಾದುದು ಬೇರೆ. 'ಒಬ್ಬರೇ ಮಾಡಿದ ಹಾಡು' ಎಂಬ ಮಾತು ಉಪಕರಣಗಳ ಮಟ್ಟಿಗೆ ನಿಜವಾದರೂ, ಹಣದ ಲೆಕ್ಕಕ್ಕೆ ಕುಳಿತೊಡನೆ ಆ 'ಒಬ್ಬರು' ಹಲವರಾಗುತ್ತಾರೆ. ತಾಳ ಹೆಣೆದವರು, ಮಾತು ಕಟ್ಟಿದವರು, ಕಂಠ ಕೊಟ್ಟವರು, ಹಂಚುವ ಸಂಸ್ಥೆ, ಅದರಿಂದ ಹಕ್ಕು ಪಡೆದ ಇನ್ನೊಂದು ಸಂಸ್ಥೆ, ಚಿತ್ರ ತೋರಿಸುವ ಜಾಲತಾಣ ಎಲ್ಲರೂ ಲೆಕ್ಕದ ಪುಸ್ತಕದಲ್ಲಿ ಸಾಲು ಹಿಡಿದು ನಿಲ್ಲುತ್ತಾರೆ.

ಆ ಸಾಲಿನಲ್ಲಿ ಕಾಣದವರು ಹೆಜ್ಜೆ ಕಟ್ಟಿದವರು. ಹಾಡಿನ ಸ್ವರಕ್ಕೂ ಮಾತಿಗೂ ಒಡೆಯರನ್ನು ಗೊತ್ತುಮಾಡುವ ಕ್ರಮವನ್ನು ಕಾನೂನು ಬಹುಕಾಲದಿಂದ ಬಲ್ಲದು. ಕುಣಿತದ ಹೆಜ್ಜೆಯ ವಿಷಯ ಹಾಗಲ್ಲ. ನಮ್ಮ ೧೯೫೭ರ ಕೃತಿಸ್ವಾಮ್ಯ ಶಾಸನವು ನೃತ್ಯರಚನೆಯನ್ನು ನಾಟಕಕೃತಿಗಳ ವರ್ಗದಲ್ಲಿ ಸೇರಿಸಿದೆಯಾದರೂ, ಅದು ಬರವಣಿಗೆಯಲ್ಲಿಯೋ ಬೇರೆ ರೀತಿಯಲ್ಲಿಯೋ ದಾಖಲಾಗಿರಬೇಕೆಂದು ವಿಧಿಸುತ್ತದೆ. ಅಂಗಳದಲ್ಲಿ ಕುಣಿದ ಕೆಲವು ಸಾಮಾನ್ಯ ಹೆಜ್ಜೆಗಳಿಗೆ ಇಂಥ ರಕ್ಷಣೆ ಎಲ್ಲಿಯೂ ಸುಲಭವಾಗಿ ಒದಗುವುದಿಲ್ಲ. ಎಲ್ಲ ಹೆಜ್ಜೆಗೂ ಒಡೆಯನಿರಬೇಕೆಂದು ಬಯಸುವುದೂ ವಿವೇಕವಲ್ಲ. ಹಾಗಾದ ದಿನ ಜನಪದರು ಕುಣಿಯುವುದೇ ನಿಂತೀತು. ಆದರೂ ಒಂದು ಹಾಡಿನ ಪ್ರಸಿದ್ಧಿಗೆ ಮುಖ್ಯ ಕಾರಣವಾದ ಕೆಲಸಕ್ಕೆ ಆದಾಯದ ಲೆಕ್ಕದಲ್ಲಿ ಹೆಸರೇ ಇಲ್ಲವೆಂಬುದು ವಿಚಾರ ಮಾಡತಕ್ಕ ವಿಷಯ.

೭

ಈಗ ಎರಡು ಹಾಡುಗಳನ್ನು ಹೋಲಿಸಬಹುದು. ಆಗಿರುವ ಬದಲಾವಣೆಯನ್ನು ಕಡಿಮೆಯೆಂದು ಎಣಿಸಲಾಗದು. ಲಿಂಡಾ ಅವರ ಹೆಸರು ಲೋಕಕ್ಕೆ ತಿಳಿಯುವುದಕ್ಕೆ ಅರುವತ್ತು ವರ್ಷ ಬೇಕಾಯಿತು. ಮಾಸ್ಟರ್ ಕೆಜಿ ಮತ್ತು ನೊಮ್ಸೆಬೊ ಅವರ ಹೆಸರು ಹಾಡಿನೊಡನೆಯೇ ಹೋಯಿತು. ಹಾಡನ್ನು ಭಾಷಾಂತರಿಸದೆ, ಬೇರೆ ಮೇಳದವರು ಹಾಡದೆ, ಜುಲು ಭಾಷೆಯಲ್ಲಿಯೇ, ಹಾಡಿದವರ ದನಿಯಲ್ಲಿಯೇ ಲೋಕವು ಕೇಳಿತು. ಮಾಸ್ಟರ್ ಕೆಜಿ ಅವರಿಗೆ ೨೦೨೦ರಲ್ಲಿ ಎಂಟಿವಿಯ ಯೂರೋಪಿನ ಪ್ರಶಸ್ತಿಗಳಲ್ಲಿ ಆಫ್ರಿಕದ ಶ್ರೇಷ್ಠ ಕಲಾವಿದರೆಂಬ ಮನ್ನಣೆ ದೊರಕಿತು. ನೊಮ್ಸೆಬೊ ಅವರು ೨೦೨೩ರಲ್ಲಿ 'ಬಯೇತೆ' ಎಂಬ ಬೇರೊಂದು ಹಾಡಿಗಾಗಿ ಇಬ್ಬರು ಸಹಕಲಾವಿದರೊಡನೆ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದರು. ಪಾಲು ಬರದಿದ್ದಾಗ ಅದನ್ನು ಲೋಕದ ಮುಂದೆ ಹೇಳುವ ಧ್ವನಿಯೂ ಅವರಿಗಿದ್ದಿತು; ಲಿಂಡಾ ಅವರಿಗೆ ಅದಿರಲಿಲ್ಲ.

ಬದಲಾಗದೆ ಉಳಿದುದೂ ಉಂಟು. ೧೯೩೯ರಲ್ಲಿ ಪ್ರವೇಶದ್ವಾರದಲ್ಲಿದ್ದ ಸುಂಕದ ಕಟ್ಟೆಯು ೨೦೨೦ರಲ್ಲಿ ನಿರ್ಗಮನದ್ವಾರಕ್ಕೆ ಸ್ಥಳಾಂತರಗೊಂಡಿತು. ಹಾಡನ್ನು ಮಾಡುವುದಕ್ಕೂ ಲೋಕದ ಮುಂದಿಡುವುದಕ್ಕೂ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಆದರೆ ಅದು ಹರಡಿ ಹಣವಾಗತೊಡಗಿದ ಮೇಲೆ, ಆ ಹಣವನ್ನು ದೇಶದೇಶಗಳಲ್ಲಿ ಕೇಳಿ ಕೂಡಿಹಾಕುವ ಶಕ್ತಿ ಹಳ್ಳಿಯ ಯುವಕನಿಗಿರಲಿಲ್ಲ, ದೊಡ್ಡ ಸಂಸ್ಥೆಗಿದ್ದಿತು. ಆದುದರಿಂದ ಬಿಡುಗಡೆಯಾಯಿತೆಂಬ ಮಾತನ್ನು ಅರ್ಧ ಒಪ್ಪಬೇಕು. ದಾರಿ ಬಿಡುಗಡೆಯಾಯಿತು, ಲೆಕ್ಕ ಬಿಡುಗಡೆಯಾಗಲಿಲ್ಲ.

ಈ ವಿಷಯ ನಮಗೆ ಪರಕೀಯವೂ ಅಲ್ಲ. ಲಿಂಡಾ ಅವರ ಮಕ್ಕಳಿಗೆ ನೆರವಾದ ೧೯೧೧ರ ಶಾಸನವೇ ೧೯೧೪ರ ಕಾಯಿದೆಯ ಮೂಲಕ ಕೆಲವು ಮಾರ್ಪಾಡುಗಳೊಡನೆ ಭಾರತದಲ್ಲಿಯೂ ಜಾರಿಯಲ್ಲಿದ್ದು, ೧೯೫೭ರ ಶಾಸನ ಬರುವವರೆಗೆ ನಡೆಯಿತು. ೨೦೧೨ರ ತಿದ್ದುಪಡಿಯು ಚಲನಚಿತ್ರಗಳಲ್ಲಿ ಮತ್ತು ಧ್ವನಿಮುದ್ರಿಕೆಗಳಲ್ಲಿ ಸೇರಿದ ಗೀತೆ ಸಂಗೀತಗಳ ಕರ್ತೃಗಳಿಗೆ ರಾಯಲ್ಟಿಯಲ್ಲಿ ಸಮಪಾಲನ್ನು ವಿಧಿಸಿ, ಆ ಹಕ್ಕನ್ನು ಸಂಸ್ಥೆಗಳಿಗೆ ಬರೆದುಕೊಡುವಂತಿಲ್ಲವೆಂದು ಸಾರಿತು. ಹತ್ತು ಷಿಲಿಂಗಿನ ಒಪ್ಪಂದದಂಥವು ಮರುಕಳಿಸದಿರಲೆಂಬುದೇ ಇಂಥ ವಿಧಿಗಳ ಆಶಯ. ಅಂಥ ವಿಧಿಗಳಿಂದ ಪ್ರಯೋಜನವಾಗಬೇಕಾದರೆ ಮನೆಯಲ್ಲಿ ಕುಳಿತು ಹಾಡು ಮಾಡುವ ನಮ್ಮ ಯುವಕರು ಅವುಗಳನ್ನು ಓದಿ ತಿಳಿದಿರಬೇಕು.

ವಿದ್ಯಾರ್ಥಿಗಳಿಗೆ ಒಂದು ಸೂಚನೆಯನ್ನಿತ್ತು ಲೇಖನವನ್ನು ಮುಗಿಸಬಹುದು. ಜನಪ್ರಿಯ ಸಂಗೀತದ ಚರಿತ್ರೆಯನ್ನು ಬರೆಯುವವರು ಹಾಡುಗಳನ್ನಷ್ಟೇ ಕೇಳಿದರೆ ಸಾಲದು. ಕರಾರುಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ನ್ಯಾಯಾಲಯದ ಕಡತಗಳನ್ನೂ ಓದಬೇಕು. ಗ್ರಾಮಾಫೋನು ತಟ್ಟೆ ಎಂಬತ್ತು ವರ್ಷ ಉಳಿದು ಸಾಕ್ಷಿ ಹೇಳಿತು. ಮೊಬೈಲಿನ ಚಿತ್ರವು, ಅದನ್ನಿಟ್ಟವರು ಅಳಿಸಿದ ದಿನವೇ ಇಲ್ಲವಾಗುತ್ತದೆ. ಜಾಲತಾಣವು ಮುಚ್ಚಿದರೆ ಸಾವಿರಾರು ಚಿತ್ರಗಳು ಒಮ್ಮೆಗೇ ಮರೆಯಾಗುತ್ತವೆ. ಪಿಡುಗಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲಿಯೂ ಜನರು ಹಾಡಿದ, ಕುಣಿದ ಚಿತ್ರಗಳು ಇನ್ನೂ ಅನೇಕರ ಬಳಿ ಉಳಿದಿವೆ. ಅವುಗಳಲ್ಲಿ ಸಾಧ್ಯವಾದಷ್ಟನ್ನು, ಅವುಗಳಲ್ಲಿರುವವರ ಒಪ್ಪಿಗೆ ಪಡೆದು, ಮಾಡಿದವರ ಹೆಸರು ಊರು ದಿನಾಂಕಗಳೊಡನೆ ಕಾಲೇಜಿನ ಗ್ರಂಥಭಂಡಾರಗಳಲ್ಲಿ ಸಂಗ್ರಹಿಸಿಡುವುದು ಈಗಲೇ ಆಗಬೇಕಾದ ಕೆಲಸ. ಯಾರು ಹಾಡಿದರು, ಯಾರು ಹೆಜ್ಜೆ ಕಟ್ಟಿದರು ಎಂಬ ದಾಖಲೆಯಾದರೂ ಇದ್ದರೆ, ಮುಂದಿನವರು ಲೆಕ್ಕವನ್ನು ಸರಿಪಡಿಸುವುದಕ್ಕೆ ಒಂದು ಆಧಾರ ಉಳಿದೀತು.